ಗಾಡಿ ಎಷ್ಟು ಕೊಡುತ್ತೆ?

ನಲವತ್ತೊಂದು ಪಾಯಿಂಟ್ ಮೂರು. ಟೆಕ್ಸಸ್ಸಿನ ಕೊಲಂಬಸ್ ಊರಿನ ಬಳಿ ಹೊಳೆಯ ಸೇತುವೆ ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಈ ಅಂಕಿ ಕಾಣಿಸಿತು. ಕಾರಿನಲ್ಲಿ ನಾನೊಬ್ಬಳೇ ಇದ್ದೆ. ಆದರೂ ಯಾರಾದರೂ ನೋಡಿಯಾರೆಂದು ನಗುವನ್ನು ಅರ್ಧಕ್ಕೇ ನಿಲ್ಲಿಸಿದೆ. ಗ್ಯಾಲನ್ನಿಗೆ ಅಷ್ಟು ಮೈಲಿಯನ್ನು ನಮ್ಮ ಆರು ವರ್ಷದ ಕಾರು ಎಂದೂ ಕೊಟ್ಟಿರಲಿಲ್ಲ.

‘ಕೊಟ್ಟಿರಲಿಲ್ಲ’ ಎಂದು ಬರೆದೆ, ನೋಡಿ. ಇಂಗ್ಲಿಷಿನಲ್ಲಿ ಕಾರು ಮೈಲಿಗಳನ್ನು ಪಡೆಯುತ್ತದೆ, ಕನ್ನಡದಲ್ಲಿ ಕೊಡುತ್ತದೆ. ಹಸುವನ್ನೂ ಗಾಡಿಯನ್ನೂ ನಾವು ಒಂದೇ ಮಾತಿನಲ್ಲಿ ವಿಚಾರಿಸುತ್ತೇವೆ: ಎಷ್ಟು ಕೊಡುತ್ತೆ? ಎರಡರದ್ದೂ ಲೀಟರಿನ ವ್ಯವಹಾರವೇ. ಒಂದು ಲೀಟರುಗಟ್ಟಲೆ ಕೊಡುತ್ತದೆ, ಇನ್ನೊಂದು ಲೀಟರುಗಟ್ಟಲೆ ಕುಡಿಯುತ್ತದೆ. ಭಾಷೆ ಇಷ್ಟು ಸಣ್ಣ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ.

ನನಗೆ ಮೈಲೇಜಿನ ಹುಚ್ಚು ಹಿಡಿದದ್ದಕ್ಕೆ ಕಾರಣವಿದೆ. ಹ್ಯೂಸ್ಟನ್ನಿನ ಆಚೆ ಕ್ಲಿಯರ್ ಲೇಕ್‌ನಲ್ಲಿರುವ ನನ್ನ ಅಕ್ಕ ಒಂದೂವರೆ ತಿಂಗಳ ಬಾಣಂತಿ. ಅಮ್ಮನಿಗೆ ವೀಸಾ ಸಿಕ್ಕಿಲ್ಲ. ಹಾಗಾಗಿ ಎರಡು ವಾರಕ್ಕೊಮ್ಮೆ, ಶನಿವಾರ, ನಾನು ಆಸ್ಟಿನ್ನಿನಿಂದ ಹೋಗಿ, ಮೆಣಸಿನ ಸಾರು ಮಾಡಿಟ್ಟು, ಕೂಸನ್ನು ಎತ್ತಿಕೊಂಡಿದ್ದು, ಸಂಜೆಗೆ ಹಿಂತಿರುಗುತ್ತೇನೆ. ಹೋಗಿಬರಲು ಮುನ್ನೂರ ಎಂಬತ್ತು ಮೈಲಿ. ಮನೆ ಕೊಳ್ಳಲು ಉಳಿತಾಯ ಮಾಡುತ್ತಿರುವ ನನ್ನ ಗಂಡ ಸುಹಾಸ್ ಒಂದು ದಿನ ಸಂಕೋಚದಿಂದಲೇ ಕೇಳಿದ, “ತಿಂಗಳಿಗೊಂದ್ಸಲ ಹೋದ್ರೆ ಸಾಲಲ್ವಾ?”

“ಪೆಟ್ರೋಲ್ ನಾನು ಉಳಿಸ್ತೀನಿ. ಶನಿವಾರ ಮಾತ್ರ ಮುಟ್ಟಬೇಡ,” ಅಂದೆ.

ಅಕ್ಕನನ್ನು ನೋಡದೆ ಇರಲಾರೆ ಎನ್ನುವಂಥ ವಾಕ್ಯಗಳು ನನ್ನ ಬಾಯಿಗೆ ಬರುವುದಿಲ್ಲ. ಮೈಲೇಜಿನ ಮಾತಾದರೆ ಬರುತ್ತದೆ.

ಗುರುವೂ ಸಿಕ್ಕಿದರು. ಪಕ್ಕದ ಮನೆಯ ಪಾಟೀಲ ಅಂಕಲ್ ಟೆಕ್ಸಸ್ಸಿಗೆ ಬಂದು ಮೂವತ್ತು ವರ್ಷವಾಯಿತು. ಅವರ ನಾಲಿಗೆ ಇನ್ನೂ ಹುಬ್ಬಳ್ಳಿಯಿಂದ ಹೊರಟಿಲ್ಲ.

“ಎಷ್ಟ ಕೊಡತೈತವಾ ನಿನ್ನ ಗಾಡಿ?”

“ಮೂವತ್ನಾಲ್ಕು, ಅಂಕಲ್.”

“ಅಯ್ಯ, ಹಾಕಿದ ಮೇವು ದಂಡ!”

ಅಲ್ಲಿಂದ ಪಾಠ ಶುರುವಾಯಿತು. ಟೈರಿನ ಗಾಳಿ ಸರಿಯಾಗಿರಬೇಕು. ಗಂಟೆಗೆ ಅರವತ್ತೆರಡು ಮೈಲಿಯ ಮೇಲೆ ಓಡಿಸಬಾರದು. “ಎಕ್ಸಿಲರೇಟರ್ ಅಂದ್ರ ಕಾಲ ಕೆಳಗ ಕೂಸು ಮಲಗೈತಿ ಅನ್ನೂವಂಗ ಒತ್ತಬೇಕವಾ. ಮತ್ತ ಡಿಕ್ಯಾಗ ಸಂಸಾರ ಹೊತಗೊಂಡು ಅಡ್ಡಾಡಬ್ಯಾಡ.”

ನಾನು ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಶುಕ್ರವಾರ ಸಂಜೆ ಡಿಕ್ಕಿಯಿಂದ ಸುಹಾಸನ ಕ್ರಿಕೆಟ್ ಕಿಟ್, ಪಿಕ್ನಿಕ್ಕಿನ ನಾಲ್ಕು ಮಡಚುವ ಕುರ್ಚಿ, ಒಳಗೆ ತರಲು ಮರೆತಿದ್ದ ಅಕ್ಕಿ ಚೀಲ, ಒಂದೆರಡು ಬಟ್ಟೆ ಚೀಲ, ಎಲ್ಲವನ್ನೂ ಇಳಿಸಿ ಗ್ಯಾರೇಜಿನ ಗೋಡೆಗೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸಿದೆ. ಶನಿವಾರ ಹೆದ್ದಾರಿಯ ಬಲಗಡೆ ಅರವತ್ತೆರಡರಲ್ಲೇ ಹೋದೆ. ಹುಲ್ಲಿನ ಉಂಡೆ ಹೊತ್ತ ಲಾರಿಯೂ ನನ್ನನ್ನು ದಾಟಿ ಹೋಯಿತು. ಯಾವುದೋ ಕಾರಿನ ಹಿಂದಿನ ಸೀಟಿನಿಂದ ಪುಟ್ಟ ಹುಡುಗಿಯೊಬ್ಬಳು ಕನಿಕರದಿಂದ ಕೈಬೀಸಿದಳು. ನನಗೇನೂ ಅನ್ನಿಸಲಿಲ್ಲ. ನಲವತ್ತೊಂದು ಪಾಯಿಂಟ್ ಮೂರು ಉಳ್ಳವರಿಗೆ ಲೋಕದ ಕನಿಕರ ಮುಟ್ಟುವುದಿಲ್ಲ.

ಅಕ್ಕ ಬಾಗಿಲು ತೆಗೆದಾಗ ಕೂಸನ್ನು ಕೇಳುವುದಕ್ಕೂ ಮೊದಲು ಅಂಕಿ ಹೇಳಿದೆ.

“ಬಹಳ ಸಂತೋಷ. ಅಮ್ಮನ ಲೇಹ್ಯ ಎಲ್ಲಿ?”

ಅಮ್ಮನಿಗೆ ಸಿಗದ ವೀಸಾ ಅವಳ ಬಾಣಂತಿ ಲೇಹ್ಯಕ್ಕೆ ಬೇಕಾಗಿರಲಿಲ್ಲ. ಸಹೋದ್ಯೋಗಿಯೊಬ್ಬಳ ಅತ್ತೆಯ ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಬಂದ ಆ ಬಾಟಲಿಯನ್ನು ಗುರುವಾರವೇ, ಮರೆಯಬಾರದೆಂದು, ಬಟ್ಟೆ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದೆ. ಹೋಗಿ ಡಿಕ್ಕಿ ತೆಗೆದೆ. ಅಷ್ಟು ಚೊಕ್ಕಟವಾದ ಡಿಕ್ಕಿಯನ್ನು ನಾನು ಶೋರೂಮಿನಲ್ಲೂ ಕಂಡಿರಲಿಲ್ಲ.

ಹಿಂದೆಯೇ ಬಂದ ಅಕ್ಕ ಇಣುಕಿ ನೋಡಿದಳು. “ಗಾಡಿಯೇನೋ ಕೊಡ್ತು ಕಣೇ. ನೀನೇನು ಕೊಟ್ಟೆ?”

ಅವಳು ನಕ್ಕ ರಭಸಕ್ಕೆ ಒಳಗೆ ಕೂಸು ಎದ್ದು ಅತ್ತಿತು. ಅದನ್ನು ಎತ್ತಿಕೊಂಡು ತಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು, “ಮುಚ್ಚಳ ತೆಗೆದ್ರೆ ಅಮ್ಮನ ಅಡುಗೆಮನೆ ವಾಸನೆ ಬರುತ್ತೆ ಅಂದ್ಕೊಂಡಿದ್ದೆ. ಇರ್ಲಿ ಬಿಡು, ಮುಂದಿನ ಸಲ ತಾ.”

ಮುಂದಿನ ಸಲ ಎಂದರೆ ಎರಡು ವಾರ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ.

ಸಂಜೆ ಮನೆಗೆ ಬಂದಾಗ ಹುಲ್ಲಿಗೆ ನೀರು ಬಿಡುತ್ತಿದ್ದ ಪಾಟೀಲ ಅಂಕಲ್, ಅಂಕಿ ಕೇಳಿ “ಶಾಬಾಸ್!” ಎಂದರು. ಆ ಶಾಬಾಸ್ ಯಾಕೋ ಕಿವಿಯಿಂದ ಕೆಳಗಿಳಿಯಲಿಲ್ಲ. ಸುಹಾಸ್ ಸಮಾಧಾನದ ದಾರಿ ತೋರಿಸಿದ: “ಪೋಸ್ಟಲ್ಲಿ ಕಳ್ಸು. ಮೂರ್ನಾಲ್ಕು ದಿನಕ್ಕೆ ಹೋಗುತ್ತೆ.”

“ಪೋಸ್ಟಿನವರ ಗಾಡಿ ಎಷ್ಟು ಕೊಡುತ್ತೋ ಏನೋ,” ಅಂದೆ.

ಮರುದಿನ ಬೆಳಗ್ಗೆ ಆರಕ್ಕೆಲ್ಲ ಲೇಹ್ಯದ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ. ಕಾಲ ಕೆಳಗೆ ಎಷ್ಟು ಕೂಸುಗಳನ್ನು ಮಲಗಿಸಿದರೂ ಈ ಮುನ್ನೂರ ಎಂಬತ್ತು ಮೈಲಿಯ ಪೆಟ್ರೋಲ್ ಮರಳಿ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಸುಹಾಸ್ ಕಾಫಿಯ ಫ್ಲಾಸ್ಕ್ ಹಿಡಿದು ಹೊರಗೆ ಬಂದ.

“ತಾಳು, ನಾನೂ ಬರ್ತೀನಿ.”

“ನಿನ್ನ ತೂಕ ಎಷ್ಟು?”

“ಎಪ್ಪತ್ತೆಂಟು ಕೇಜಿ. ಯಾಕೆ?”

“ಏನಿಲ್ಲ, ಹತ್ಕೋ,” ಅಂದೆ. ಮುಂದಿನ ಸೀಟಿನಲ್ಲಿ ಅಮ್ಮನ ಲೇಹ್ಯ ಕುಳಿತಿದ್ದರಿಂದ ಅವನು ಹಿಂದೆ ಹೋಗಿ ಕುಳಿತ.