ಅಜ್ಜಿಯ ಬಾಯಿಂದ ಜಾರಿದ ಹೂಂ

ಆಗೆಲ್ಲ ಒಂದು ಕಥೆಗೆ ಎರಡು ಬಾಯಿ ಬೇಕಿತ್ತು. ಒಂದು ಹೇಳುವುದಕ್ಕೆ, ಇನ್ನೊಂದು ಹೂಂ ಅನ್ನುವುದಕ್ಕೆ. ಹೂಂ ನಿಂತರೆ ಕಥೆಯೂ ನಿಂತಿತು. ನಿಮ್ಮ ಮನೆಯಲ್ಲೂ ಹಾಗೇ ಇತ್ತಲ್ಲವೇ?

ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಕೆರಗೋಡಿನ ಹತ್ತಿರದ ನಮ್ಮೂರ ಸ್ಕೂಲು ಅಂದರೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಅವರು ಮಗ್ಗಿ ಹೇಳಿಸುವಾಗ ನಾವೆಲ್ಲ ತೂಕಡಿಸುತ್ತಿದ್ದೆವು. ಪಕ್ಕದ ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂದರಂತೂ ಮುಗಿಯಿತು, ಮೈ ಇಲ್ಲಿ, ಮೂಗು ಅಲ್ಲಿ. ಆದರೆ ಮಧ್ಯಾಹ್ನದ ಮೇಲೆ ಮೇಷ್ಟ್ರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದೆವು. ಕೋಟು ಬಿಚ್ಚಿದರೆ ಕಥೆ ಅಂತ ಅರ್ಥ.

“ಇವತ್ತಿನ ಹೂಂ ಯಾರದು?” ಎನ್ನುತ್ತಿದ್ದರು.

“ನಂದು ಸಾ!”

“ಲೇ, ನೆನ್ನೆ ನೀನೇ ಅಂದೆ ಕಣ್ಲಾ! ಸಾ, ಇವನು ಸುಳ್ಳ ಸಾ!”

ಕೊನೆಗೆ ನನ್ನ ಸರದಿ ಬಂದ ದಿನ ಹೇಳಿದ್ದು ಕರಡಿ ಕಥೆ. ಒಬ್ಬ ಮುದುಕಿಗೆ ಕಣ್ಣು ಮಂಜು. ಕಾಡಂಚಿನಲ್ಲಿ ಸಿಕ್ಕ ಕರಡಿಮರಿಯನ್ನು ನಾಯಿಮರಿ ಅಂದುಕೊಂಡು ತಂದು, ಮುದ್ದೆ ಹಾಕಿ ಸಾಕುತ್ತಾಳೆ. ಮೇಷ್ಟ್ರು ಮುದುಕಿಯಾಗಿ ಬೆನ್ನು ಬಗ್ಗಿಸಿದರು, ಕರಡಿಯಾಗಿ ಮೇಜಿನ ಕೆಳಗೆ ತೂರಿ ಗುರ್ ಎಂದರು. ನಾನು ಹೂಂ ಅನ್ನುವುದು ಮರೆತು ಕಿರುಚಿದೆ. ಮುದುಕಿ ಕರಡಿಯ ಕೊರಳಿಗೆ ಹಗ್ಗ ಕಟ್ಟಿಕೊಂಡು ಸಂತೆಗೆ ಹೊರಟಳು. ಸಂತೆಯ ಜನರೆಲ್ಲ ತಿರುಗಿ ನೋಡಿದರು. ಆಗ...

ಆಗ ಮೇಷ್ಟ್ರ ಗಂಟಲು ಕಟ್ಟಿತು. ಕತ್ತು ಹಿಡಿದುಕೊಂಡು ಬಾಯಿ ತೆರೆದರೆ ಬರೀ ಗಾಳಿ. ಬೀರುವಿನಿಂದ ಒಂದು ಪುಸ್ತಕ ತೆಗೆದು, ಮಿಕ್ಕಿದ್ದು ಇದರಲ್ಲಿದೆ ಅಂತ ಸನ್ನೆ ಮಾಡಿ ನನ್ನ ಕೈಗೆ ಕೊಟ್ಟರು. ಹೂಂ ಅಂದವರಿಗೆ ಪುಸ್ತಕ ಒಂದು ಸಂಜೆ ಮನೆಗೆ, ಬೆಳಿಗ್ಗೆ ವಾಪಸ್ಸು. ಅದೇ ಗಂಟಲು ಸಂಜೆ ಭಜನೆಮನೆಯಿಂದ ಊರಾಚೆಗೂ ಕೇಳಿಸುತ್ತಿತ್ತು! ಪ್ರತಿ ಕಥೆಗೂ ಸರಿಯಾಗಿ ಅರ್ಧಕ್ಕೇ ಕಟ್ಟುತ್ತಿದ್ದ ಗಂಟಲು ಅದು. ಅದಕ್ಕೇ ನಮ್ಮ ಸ್ಕೂಲಿನಲ್ಲಿ ಮಕ್ಕಳು ಪುಸ್ತಕಕ್ಕಾಗಿ ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು.

ಆದರೆ ನನ್ನ ಓದಿಗೇ ಆಗ ಕುತ್ತು ಬಂದಿತ್ತು. ಅವ್ವ ಗದ್ದೆಗೆ ಹೋಗಬೇಕು, ತಮ್ಮನಿಗೆ ಇನ್ನೂ ಅಂಬೆಗಾಲು. ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಸ್ಕೂಲು ಬಿಡಿಸುವುದೆಂದು ಅಜ್ಜಿ ತೀರ್ಮಾನ ಮಾಡಿಬಿಟ್ಟಿದ್ದಳು. ಅಜ್ಜಿಯ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ.

ನಾನು ಮನೆಗೆ ಬಂದಾಗ ಅಜ್ಜಿ ಜಗುಲಿಯ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾರುತ್ತಿತ್ತು.

“ಬಂದ್ಲಪ್ಪ ಅಮಲ್ದಾರ್ತಿ! ಅದೇನಮ್ಮಿ ಕಂಕ್ಳಲ್ಲಿ?”

“ಪುಸ್ತ್ಕ ಕಣಜ್ಜಿ.”

“ಓದ್ಕೋ ಓದ್ಕೋ, ಇನ್ನೆಷ್ಟು ದಿನ. ಅಬ್ಬ ಆಯ್ತಿದ್ದಂಗೆ ಮಗೀನ ಎತ್ಕೊಂಡು ಕೂತ್ಕೊಳೀವಂತೆ.”

ಸಿಟ್ಟಿನಿಂದ ಅವಳಿಗೆ ಬೆನ್ನು ಹಾಕಿ ಕೂತು, ಮೊದಲಿಂದ ಜೋರಾಗಿ ಓದತೊಡಗಿದೆ. ಅಕ್ಷರ ಕೂಡಿಸಿಕೊಂಡು, ತಡವರಿಸಿಕೊಂಡು. ಮುದುಕಿ ಕರಡಿಗೆ ಮುದ್ದೆ ಹಾಕಿದಳು.

“ಹೂಂ” ಅಂತ ಹಿಂದಿನಿಂದ ಬಂತು.

ತಿರುಗಿದೆ. ಅಜ್ಜಿಯ ಕಣ್ಣು ಅವರೆಕಾಳಿನ ಮೇಲೇ ಇತ್ತು.

“ನೀನು ಹೂಂ ಅಂದೆ!”

“ನಾನ್ಯಾಕಂದೇನು? ಕೆಮ್ಮು ಬಂತು.”

ಮತ್ತೆ ಓದಿದೆ. ಮುದುಕಿ ಕರಡಿಗೆ ಹಗ್ಗ ಕಟ್ಟಿದಳು. ಮತ್ತೆ ಕೆಮ್ಮು ಬಂತು. ಮುದುಕಿ ಸಂತೆಗೆ ಹೊರಟಳು. ಅಲ್ಲಿಗೆ ಬೇಕೆಂದೇ ನಿಲ್ಲಿಸಿದೆ. ಬೇಳೆ ಹಾರುವುದೂ ನಿಂತಿತು.

“ಯಾಕಮ್ಮಿ ನಿಲ್ಸ್ದೆ?”

“ನೀನು ಹೂಂ ಅನ್ನಕಿಲ್ವಲ್ಲ.”

“ಮುಂಡೇದೇ, ಹೂಂ ಕಣಮ್ಮಿ! ಮುಂದ್ಕೆ ಓದು!”

ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಬೆಳಕಿರುವವರೆಗೆ ಓದಿದರೂ ನನ್ನ ಆಮೆ ಓದಿಗೆ ಕರಡಿ ಸಂತೆಯ ಬೆಲ್ಲದಂಗಡಿಗೆ ನುಗ್ಗಿ ಅಚ್ಚುಗಳ ಮೇಲೆ ಕೂತಿತ್ತು, ಅಷ್ಟೇ.

ಬೆಳಿಗ್ಗೆ ಅಜ್ಜಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಸ್ಕೂಲಿಗೇ ಬಂದಳು. ಬಿಡಿಸುವ ಮಾತು ಹೇಳುವುದಕ್ಕೇ ಬಂದಳೆಂದು ನಾನು ಹಿಂದಿನ ಸಾಲಿಗೆ ಸರಿದುಕೊಂಡೆ.

“ಮೇಷ್ಟ್ರೇ, ಗಂಟ್ಲು ಎಂಗದೆ?”

“ಪರವಾಗಿಲ್ಲ ತಾಯಿ.” ಕಂಚಿನ ಗಂಟೆಯಂಥ ದನಿ!

“ಆ ಪುಸ್ತ್ಕ ಇನ್ನೊಂದಿನ ಇರ್ಲಿ. ಕರಡಿ ಬೆಲ್ಲದಂಗ್ಡೀಲಿ ಕೂತದೆ.”

“ಇರಲಿ ತಾಯಿ. ಆದರೆ ಪುಸ್ತಕ ಕೊಡೋದು ಸ್ಕೂಲಿಗೆ ಬರೋ ಮಕ್ಕಳಿಗೆ ಮಾತ್ರ. ಹಬ್ಬ ಆದಮೇಲೆ ಇವಳು ಬರಲ್ಲ ಅಂತ ಊರೆಲ್ಲ ಮಾತು...”

“ಯಾವನಂದೋನು?” ಅಜ್ಜಿ ಸಿಡಿದಳು. “ಮಗೀನ ನಾನು ನೋಡ್ಕತೀನಿ. ಕರಡಿ ಮನೆ ಸೇರೋಗಂಟ ಇವಳು ಬತ್ತಾಳೆ!”

ಕರಡಿ ಮನೆ ಸೇರಿತು. ಅಷ್ಟರಲ್ಲಿ ಇನ್ನೊಂದು ಕಥೆಯಲ್ಲಿ ಒಬ್ಬ ಅಂಬಿಗ ನಡುಹೊಳೆಯಲ್ಲಿ ಸಿಕ್ಕಿಕೊಂಡ. ಅವನು ದಡ ಸೇರುವಷ್ಟರಲ್ಲಿ ಯಾವಳೋ ರಾಣಿ ಕಳೆದುಹೋದಳು. ಹೀಗೆ ಯಾರಾದರೊಬ್ಬರು ಯಾವಾಗಲೂ ಅರ್ಧ ದಾರಿಯಲ್ಲೇ ಇರುತ್ತಿದ್ದರು, ನಾನು ಸ್ಕೂಲಿಗೆ ಹೋಗುತ್ತಲೇ ಇದ್ದೆ.

ಈಗ ದೂರದೂರಿನಲ್ಲಿರುವ ನನ್ನ ಮರಿಮಗನಿಗೆ ಫೋನೇ ಕಥೆ ಹೇಳುತ್ತದೆ. ಹೂಂ ಅಂದರೂ ಅನ್ನದಿದ್ದರೂ ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತದೆ. ಪಾಪ, ಅದಕ್ಕೆ ಗಂಟಲೂ ಕಟ್ಟುವುದಿಲ್ಲ. ಟೈಪು ಮಾಡುವುದನ್ನು ಈಗಷ್ಟೇ ಕಲಿತ ನಾನು ಕರಡಿ ಕಥೆಯನ್ನು ಅವನಿಗೆ ಸ್ವಲ್ಪ ಸ್ವಲ್ಪವೇ ಬರೆದು ಕಳಿಸತೊಡಗಿದೆ. ಎರಡು ನೀಲಿ ಗೀಟು ಬಂದವು.

“ಓದಿದಾನೆ ಅಂತ ಅರ್ಥ ಅಜ್ಜಿ” ಎಂದಳು ಮೊಮ್ಮಗಳು.

ನೀಲಿ ಗೀಟಿಗೆ ನಮ್ಮಜ್ಜಿಯ ಕೆಮ್ಮಿನ ರುಚಿ ಎಲ್ಲಿಂದ ಬರಬೇಕು? ಕಥೆಯನ್ನು ಬೆಲ್ಲದಂಗಡಿಯಲ್ಲೇ ನಿಲ್ಲಿಸಿ, ನನ್ನ ಬೆರಳು ಹಿಡಿದುಕೊಂಡಿದೆ, ಮಿಕ್ಕಿದ್ದು ನಮ್ಮ ಮನೆಯ ಬೀರುವಿನ ಪುಸ್ತಕದಲ್ಲಿದೆ ಅಂತ ಹೇಳಿ ಕಳಿಸಿದ್ದೇನೆ. ಹುಡುಗ ಬಂದು ಹೂಂ ಅನ್ನುವವರೆಗೂ ಕರಡಿ ಅಲ್ಲೇ ಬೆಲ್ಲ ತಿನ್ನುತ್ತಾ ಕೂತಿರಲಿ.