ಅಟ್ಟದ ಕಾಯಿಯೂ ಗಾಂಜಾ ಷೇರೂ

ತೆಂಗಿನಕಾಯಿ ಕೈಗೆ ಸಿಕ್ಕಿದರೆ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸದೆ ಕೆಳಗಿಡುವ ಸಂಯಮವನ್ನು ಭಗವಂತ ನಮ್ಮ ಗುಬ್ಬಿ ಸೀಮೆಯವರಿಗೆ ದಯಪಾಲಿಸಿಲ್ಲ. ತಾಂಬೂಲದಲ್ಲಿ ಕೊಟ್ಟ ಕಾಯಿಯನ್ನೂ ಅಲ್ಲಾಡಿಸಿ, ಬೀಗರು ಮುಖ ಮುಖ ನೋಡಿಕೊಳ್ಳುವಂತೆ ಮಾಡಿದ ಮಹಾನುಭಾವ ನಾನು. ಅಟ್ಟಕ್ಕೆ ಹಾಕಿದ ಕಾಯಿಯ ನೀರು ತಿಂಗಳುಗಟ್ಟಲೆ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಲೊಟಲೊಟ ಉರುಳಬೇಕು. ಆ ನಾದ ಹೊಮ್ಮುವತನಕ ಕಾಯಿ ಮುಟ್ಟಕೂಡದೆಂಬುದು ನಮ್ಮ ಮನೆಯ ವೇದವಾಕ್ಯ.

ಈ ವೇದವನ್ನು ಷೇರುಪೇಟೆಗೆ ಅನ್ವಯಿಸಿದೆ ನೋಡಿ, ಪುರಾಣ ಅಲ್ಲಿಂದ ಶುರು. ಆಯುಷ್ಯವೆಲ್ಲ ಅಲಂಕಾರಶಾಸ್ತ್ರ ಬೋಧಿಸಿ ನಿವೃತ್ತನಾಗಿ, ಕ್ಯಾತ್ಸಂದ್ರದ ಮನೆಯಲ್ಲಿ ನಿರಲಂಕಾರನಾಗಿ ಕೂತಿದ್ದ ನಾನು, ಮೊಬೈಲಿನಲ್ಲೇ ಕೆನಡಾದ ಗಾಂಜಾ ಕಂಪನಿಯೊಂದರ ಷೇರು ಕೊಂಡೆ. ಅಲ್ಲಿ ಅದು ಕಾನೂನು ಒಪ್ಪಿದ ಬೆಳೆಯಂತೆ, ಔಷಧವಂತೆ, ಬಂಗಾರದ ಭವಿಷ್ಯವಂತೆ. ಬೈರಾಗಿಗಳು ಶಿವನ ಹೆಸರಿನಲ್ಲಿ ಗಾಂಜಾ ಸೇದುವುದನ್ನು ಕಂಡಿದ್ದೆನೇ ಹೊರತು ಅದು ಲಾಭಾಂಶ ಕೊಟ್ಟಿದ್ದನ್ನು ಕಂಡವನಲ್ಲ. ಆದರೂ ಕೊಂಡೆ, ಅಟ್ಟದ ಕಾಯಿಯೆಂದು ಭಾವಿಸಿ ಅತ್ತ ತಿರುಗಿಯೂ ನೋಡಲಿಲ್ಲ.

ಒಂದು ದಿನ ಅಮೆರಿಕದಲ್ಲಿ ಗಾಂಜಾ ಕಾನೂನು ಸಡಿಲವಾಗಲಿದೆಯೆಂಬ ಸುದ್ದಿ ಹಬ್ಬಿ, ಷೇರು ಚಂಗನೆ ನೆಗೆಯಿತು. ಟೀವಿಯಲ್ಲಿ ಅದನ್ನು ಕೇಳಿ, ಗುಬ್ಬಿಯ ಅಕ್ಕನಿಗೆ ಫೋನು ಮಾಡಿ ಮನಸಾರೆ ಕೊಚ್ಚಿಕೊಂಡೆ. ಪಕ್ಕದಲ್ಲೇ ಇದ್ದು ಕೇಳಿಸಿಕೊಂಡವಳು ಅಕ್ಕನ ಮಗಳು ರೂಪ. ಗಾರ್ಮೆಂಟ್ಸಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಕುಣಿಗಲ್ಲಿನಲ್ಲಿ ಕೊಬ್ಬರಿ ಎಣ್ಣೆಯ ಗಾಣ ಹಾಕಬೇಕೆಂಬುದು ಅವಳ ಬಹುದಿನದ ಕನಸು. ಅದಕ್ಕೆ ಅಂಗಡಿಯನ್ನೂ ಗೊತ್ತುಮಾಡಿದ್ದಳು, ಬರುವ ಸೋಮವಾರ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲು.

ಭಾನುವಾರ ಗುಬ್ಬಿಗೆ ಹೋದೆ. ಕಾಫಿ ಲೋಟ ಕೈಗಿಡುತ್ತಲೇ ರೂಪ, "ಮಾವ, ಗಾಣ ಮುಂದಿನ್ ವರ್ಷ ನೋಡ್ಕೊಂಡ್ರಾಯ್ತು. ಇರೋ ದುಡ್ಡೆಲ್ಲಾ ನಿಮ್ ಗಾಂಜಾ ಶೇರಿಗೆ ಹಾಕ್ಬುಡ್ತೀನಿ," ಅಂದಳು. ಕೊನೆಗೂ ನನಗೊಬ್ಬ ಶಿಷ್ಯೆ ಸಿಕ್ಕಳಲ್ಲ ಎಂದು ಉಬ್ಬಿ, "ಹಾಕಮ್ಮ, ಹಾಕಿದ್ ಮೇಲೆ ಮುಟ್ಲೇಬೇಡ" ಎಂದು ಹರಸಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಮಂಕರಿ ಹಿಡಿದು ಅಟ್ಟದಿಂದ ಇಳಿದಳು. ಅದರ ತುಂಬ ಕೊಳೆತ ಕಾಯಿ. ಅಬ್ಬಬ್ಬಾ, ಏನು ನಾತ!

"ಅಟ್ಟದ ಕಾಯಿ ಮುಟ್ಬಾರ್ದು ಅಲ್ವೇನಕ್ಕ?" ಎಂದೆ ಮೂಗು ಮುಚ್ಚಿಕೊಂಡು.

"ಮುಟ್ಬ್ಯಾಡ ಅಂದ್ರೆ ನೋಡ್ಬ್ಯಾಡ ಅಂತಲ್ಲ ಕಣೋ! ಆಗಾಗ ಹತ್ತಿ ಕೊಳೆತಿದ್ದ ಆರಿಸ್ದೆ ಹೋದ್ರೆ ಅಟ್ಟವೆಲ್ಲ ನಾರ್ತದೆ. ಅವ್ವ ಹತ್ತೋಳು, ಈಗ ನಾನು. ನೀನು ಕೆಳಗ್ ಕೂತು ಕಾಯಿ ಅಲ್ಲಾಡ್ಸಿದ್ದೇ ಬಂತು."

ನಾನೂ ರೂಪಳೂ ಫೋನು ತೆರೆದು ನೋಡಿದೆವು. ಮೊನ್ನೆ ನೆಗೆದ ಷೇರು ಅಂದೇ ಕುಸಿದಿತ್ತು. ಕಂಪನಿಯ ಬೆಳೆ ಹೆಚ್ಚು, ಕೊಳ್ಳುವವರು ಕಡಿಮೆ. ಕಾನೂನು ಇಂದು ಸಡಿಲ, ನಾಳೆ ಬಿಗಿ. ಖರ್ಚಿಗೆ ಕಾಸಿಲ್ಲದಾಗಲೆಲ್ಲ ಕಂಪನಿ ಹೊಸ ಷೇರು ಹೊರಡಿಸಿ, ನೆಂಟರು ಬಂದಾಗ ಮಜ್ಜಿಗೆಗೆ ನೀರು ಬೆರೆಸಿದಂತೆ, ನನ್ನ ಪಾಲನ್ನು ತೆಳ್ಳಗೆ ಮಾಡುತ್ತಲೇ ಬಂದಿತ್ತು. "ಅಯ್ಯೋ ಮಾವ, ಒಂದ್ ಸಲಾನೂ ನೋಡೇ ಇಲ್ವಾ?" ಎಂದು ರೂಪ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅಕ್ಕ ಇಳಿಯುವುದು ತುಸು ತಡವಾಗಿದ್ದರೆ ಈ ಹುಡುಗಿಯ ಗಾಣ ನನ್ನ ಒಂದು ಮಾತಿಗೆ ಮುಳುಗುತ್ತಿತ್ತು.

ಸೋಮವಾರ ಅವಳು ಮುಂಗಡ ಕೊಟ್ಟಳು. ನನ್ನ ಷೇರು ಇನ್ನೂ ಇದೆ. ಒಣಗುತ್ತಿದೆಯೋ ಕೊಳೆಯುತ್ತಿದೆಯೋ ಎಂದು ಈಗ ಆಗಾಗ ಅಟ್ಟ ಹತ್ತಿ ನೋಡುತ್ತೇನೆ.

ಮೊನ್ನೆ ಕುಣಿಗಲ್ಲಿನಲ್ಲಿ ಗಾಣದ ಪೂಜೆ. ಅಟ್ಟದಿಂದ ತಂದ ಮೊದಲ ಕಾಯಿಯನ್ನು ರೂಪ ನನ್ನ ಕೈಗಿತ್ತು, "ನೀವೇ ಹೇಳಿ ಮಾವ, ಕೊಬ್ಬರಿ ಆಗೈತಾ?" ಎಂದಳು. ಕೈ ತಾನಾಗಿ ಕಿವಿಯತ್ತ ಹೋಯಿತು, ತಡೆದೆ. ಕಾಯಿಯನ್ನು ತಿರುಗಿಸಿ ಬಿರುಕಿದೆಯೇ ನೋಡಿದೆ, ಮೂಸಿದೆ, ಆಮೇಲೆ ಅಲ್ಲಾಡಿಸಿದೆ. ಲೊಟಲೊಟ.

"ಒಡಿಯಮ್ಮ," ಎಂದೆ.