ಅತ್ತಿಗೆ ಮೂಸಿದ ಹೊಂಗೆ ಜೇನು

ಆರ್.ಟಿ. ನಗರದ ಜೇನಿನಂಗಡಿಯವರು ಮೊನ್ನೆ ಬಾಟಲಿಯ ಮುಚ್ಚಳ ತೆಗೆದು, "ರುಚಿ ನೋಡಿ ಸಾರ್," ಅಂದರು. ನಾನು ಅದನ್ನು ಮೊದಲು ಮೂಗಿಗೆ ಹಿಡಿದೆ. "ಬೇರೆಯವರು ನೀರಿಗೆ ಹಾಕಿ ನೋಡ್ತಾರೆ, ಬೆಂಕಿಕಡ್ಡಿ ಅದ್ದಿ ಗೀರ್ತಾರೆ. ನೀವೇನ್ ಸಾರ್, ಮೂಸ್ತೀರಾ?" ಎಂದು ನಕ್ಕರು. ಈ ಅಭ್ಯಾಸ ನನಗೆ ಅಂಟಿದ್ದು ಕೆಲವು ವರ್ಷಗಳ ಹಿಂದೆ, ಜೇನಿನಿಂದ ಮದ್ಯ ಮಾಡಲು ಹೊರಟಾಗ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ದುಡಿದವನು. ಬೇರೆಯವರ ವಾಕ್ಯಗಳಿಂದ ಬೇಡದ್ದನ್ನು ತೆಗೆಯುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ, ಇನ್ನಾದರೂ ಏನನ್ನಾದರೂ ಸೇರಿಸಿ ಮಾಡೋಣ ಎನ್ನಿಸಿತು. ಜೇನು, ನೀರು, ಯೀಸ್ಟ್; ಇಂಗ್ಲಿಷಿನವರು ಮೀಡ್ ಎನ್ನುವ ಈ ಮದ್ಯಕ್ಕೆ ಬೇಕಾದದ್ದು ಅಷ್ಟೇ. ಮಾರುವುದಕ್ಕಲ್ಲ, ಒಂದೆರಡು ಬಾಟಲಿಯಾದರೆ ಸಾಕಿತ್ತು. ಇಷ್ಟು ಸುಲಭದ ಅಡುಗೆಯಲ್ಲಿ ತಪ್ಪು ಮಾಡಲು ಜಾಗವೆಲ್ಲಿ ಎಂದುಕೊಂಡಿದ್ದೆ. ಜಾಗ ಬೇಕಾದಷ್ಟಿತ್ತು.

ಮೊದಲ ಸಲ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಜೇನು ತಂದು, ನೀರಿನೊಡನೆ ಚೆನ್ನಾಗಿ ಕುದಿಸಿ, ಯೀಸ್ಟ್ ಹಾಕಿ ಭರಣಿಯಲ್ಲಿಟ್ಟೆ. ಕೊನೆಗೆ ಸಿಕ್ಕಿದ್ದು ಮಾತ್ರೆ ಕರಗಿಸಿದಂಥ ನೀರು. ಆಮೇಲೆ ತಿಳಿಯಿತು: ಸಿಹಿಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ, ನಮಗೆ ಉಳಿಯುವುದು ಹೂವಿನ ವಾಸನೆ ಮಾತ್ರ. ಜೇನು ಆರಿಸುವುದೆಂದರೆ ವಾಸನೆ ಆರಿಸುವುದು. ಅದಕ್ಕೆ ಬೇಕಾದ ಮೂಗು ನನ್ನದಲ್ಲ, ಕೆಳಗಿನ ಮನೆಯಲ್ಲಿದ್ದ ಅತ್ತಿಗೆಯದು.

ನಮ್ಮದು ಯಲಹಂಕದ ಹತ್ತಿರವೇ ಇರುವ ಸಿಂಗಾಪುರ ಎಂಬ ಊರಿನ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಮ್ಮದೇ ಕಟ್ಟಡವಿದೆ. ಕೆಳಗೆ ಅಣ್ಣ, ಅತ್ತಿಗೆ, ಮೇಲೆ ನಾನು. ಹಾಲು ಒಡೆಯುವ ಮುಂಚೆಯೇ ಅತ್ತಿಗೆಗೆ ಗೊತ್ತಾಗುತ್ತಿತ್ತು. ಉಪ್ಪು ನೋಡದೆ, ಹಬೆ ಮೂಸಿಯೇ ಬಸ್ಸಾರು ಇಳಿಸುತ್ತಿದ್ದರು. ಆದರೆ ಆ ವರ್ಷ ಒಂದು ಜ್ವರ ಬಂದು ಹೋಗುವಾಗ ಅವರ ವಾಸನೆ ಹಿಡಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಒಮ್ಮೆ ಸಾರು ತಳ ಹಿಡಿದದ್ದು ತಿಳಿಯದೆ ಬಡಿಸಿದರು. ಅಣ್ಣನ ತಟ್ಟೆಯಲ್ಲಿ ಅನ್ನ ಉಳಿದಿತ್ತು. ಮರುದಿನದಿಂದ ಅತ್ತಿಗೆ ಒಲೆಯ ಹತ್ತಿರ ಹೋಗಲಿಲ್ಲ. ಅಡುಗೆಗೆ ಒಬ್ಬರು ಬರತೊಡಗಿದರು. ಅತ್ತಿಗೆ ಜಗಲಿಯ ಮೇಲೆ ಸುಮ್ಮನೆ ಕೂರತೊಡಗಿದರು.

ದಿನಾ ಬಗೆಬಗೆಯ ವಾಸನೆ ಮೂಸುತ್ತಿದ್ದರೆ ಮರಳಿ ಬಂದರೂ ಬರಬಹುದು ಎಂದು ಡಾಕ್ಟರ್ ಹೇಳಿದ್ದರು. ಅತ್ತಿಗೆ ಅದಕ್ಕೆ ಕಿವಿಗೊಟ್ಟಿರಲಿಲ್ಲ. ನಾನು ನೀಲಗಿರಿ, ನೇರಳೆ, ಹೊಂಗೆ ಹೂವಿನ ಜೇನುಗಳನ್ನು ಹಿಡಿದು ಕೆಳಗಿಳಿದೆ.

"ಏನ್ ಮೈದ್ನಾ, ಮನೇಲೇ ಬಾರ್ ಇಕ್ಬುಟ್ಯಾ?"

"ಯಾವ್ದು ಹಾಕ್ಲಿ, ಮೂಸಿ ಹೇಳಿ ಅತ್ತಿಗೆ."

"ನನ್ ಮೂಗು ಈಗ ಮೂಗ್‌ಬೊಟ್ಟು ಇಕ್ಕೊಳ್ಳಕ್ಕೆ ಅಷ್ಟೇ ಕಣಪ್ಪ."

ಹಾಗೆಂದರೂ ಮೂಸಿದರು. ಮರುದಿನವೂ ಮೂಸಿದರು. ವಾರಗಳು ಕಳೆದವು. ಒಂದು ಬೆಳಿಗ್ಗೆ ಹೊಂಗೆ ಜೇನಿನ ಮೇಲೆ ಮುಖ ಬಗ್ಗಿಸಿದವರು ಇನ್ನೊಮ್ಮೆ ಉಸಿರೆಳೆದುಕೊಂಡರು. "ಏನೋ ಐತೆ. ಏನೂಂತ ಗೊತ್ತಾಗ್ತಿಲ್ಲ."

ಒಂದೇ ಮೂಲದ ಸುದ್ದಿ, ಅದೂ ಖಚಿತವಲ್ಲ. ಡೆಸ್ಕಿನಲ್ಲಿದ್ದಿದ್ದರೆ ತಡೆಹಿಡಿಯುತ್ತಿದ್ದೆ. ನನ್ನ ಸಮಾಧಾನಕ್ಕೆ ಹೇಳಿದ್ದರೂ ಹೇಳಿರಬಹುದು. ಆದರೂ ಹೊಂಗೆಯನ್ನೇ ಆರಿಸಿದೆ. ಕುದಿಸಲು ಒಲೆ ಹಚ್ಚಿದಾಗ ಅತ್ತಿಗೆ ಪಾತ್ರೆ ಕಿತ್ತುಕೊಂಡರು. "ಜೇನ್ ಕಾಯಿಸ್ತಾರೇನೋ? ಇಸ ಆಗ್ತೈತೆ!" ನಮ್ಮ ಕಡೆಯ ಹಳೆಯ ನಂಬಿಕೆ ಅದು. ವಾದ ಮಾಡಲಿಲ್ಲ. ಕಾಯಿಸಿ ಆರಿಸಿದ ನೀರಿಗೆ ಹಸಿ ಜೇನನ್ನೇ ಕಲಸಿ, ಯೀಸ್ಟ್ ಹಾಕಿ, ಭರಣಿಗೆ ಬಟ್ಟೆ ಸುತ್ತಿ ಮೇಲೆ ನನ್ನ ಕೋಣೆಯ ಮೂಲೆಯಲ್ಲಿಟ್ಟೆ.

ಯಲಹಂಕದ ಕಡೆಯ ಡಿಸೆಂಬರ್ ಚಳಿ ನಿಮಗೂ ಗೊತ್ತಿರಬಹುದು. ಭರಣಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ದಿನಾ ಬಟ್ಟೆ ಸರಿಸಿ ನೋಡಿ, ಬೇಸತ್ತು, ಕೊನೆಗೆ ನೋಡುವುದನ್ನೇ ಬಿಟ್ಟೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅತ್ತಿಗೆ ಬಟ್ಟೆ ಒಣಹಾಕಲು ಬಕೆಟ್ ಹಿಡಿದು ಮಹಡಿ ಹತ್ತುತ್ತಿದ್ದರು. ನನ್ನ ಬಾಗಿಲ ಮುಂದೆ ಹಾಯುತ್ತಾ, ಒಳಗೆ ಇಣುಕದೆಯೇ ಅಂದರು: "ಉಳೀತು ಕಣಪ್ಪ."

"ಎಲ್ಲಿ ಉಳೀತು ಅತ್ತಿಗೆ? ಸತ್ತೇ ಹೋಗಿದೆ. ಇವತ್ತು ಚೆಲ್ತೀನಿ."

"ಅಯ್ಯೋ ಪೆದ್ದೇ! ದ್ವಾಸೆ ಇಟ್ಟು ಉಳೀತದಲ್ಲ, ಅಂಗೆ."

ನಮ್ಮೂರ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಿಟ್ಟು ಹುಳಿತರೂ ಉಳೀತು, ಜೀವ ಉಳಿದರೂ ಉಳೀತು. ವೃತ್ತಿಯುದ್ದಕ್ಕೂ ಬಿಟ್ಟುಹೋದ ಹಕಾರಗಳನ್ನು ತುಂಬಿದವನು ನಾನು; ಮನೆಯಲ್ಲೇ ಒಂದನ್ನು ಕೇಳಿಸಿಕೊಳ್ಳದೆ ಹೋದೆ. ಬಟ್ಟೆ ಸರಿಸಿದೆ. ಭರಣಿಯ ಅಂಚಿನಲ್ಲಿ ಸಾಸಿವೆಯಂಥ ಗುಳ್ಳೆಗಳು ಏಳುತ್ತಿದ್ದವು.

"ಸರಿ, ನಿಮಗೆ ಹೇಗೆ ಗೊತ್ತಾಯ್ತು?"

"ವಾಸ್ನೆ ಬರ್ತಾ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬಕೆಟ್ ಕೆಳಗಿಟ್ಟರು. ಒಳಗೆ ಬಂದು ಭರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಮೂಸಿದರು, ಮತ್ತೊಮ್ಮೆ ಮೂಸಿದರು. ಕಣ್ಣಿಗೆ ಸೆರಗು ಒತ್ತಿಕೊಂಡದ್ದನ್ನು ನಾನು ನೋಡದವನಂತೆ ಬಕೆಟ್ ಎತ್ತಿಕೊಂಡು ಹೋಗಿ ಬಟ್ಟೆ ಒಣಹಾಕಿದೆ.

ಆ ಮದ್ಯ ಚೆನ್ನಾಗಿಯೇ ಆಯಿತು. ಕೊನೆಗೆ ಹೊಂಗೆಯ ಸಣ್ಣ ಕಹಿ. ಅತ್ತಿಗೆ ಕುಡಿಯಲಿಲ್ಲ, ಲೋಟ ಮೂಸಿ ವಾಪಸು ಕೊಟ್ಟರು. ಎಲ್ಲ ವಾಸನೆಗಳೂ ಮರಳಿಲ್ಲ. ಕಾಫಿ ಇವತ್ತಿಗೂ ಅವರಿಗೆ ಬರೀ ಬಿಸಿ. ಆದರೆ ಒಲೆ ಮತ್ತೆ ಅವರ ಕೈಗೆ ಬಂದಿದೆ.

ನಿನ್ನೆ ಮೂವರೂ ಊಟಕ್ಕೆ ಕೂತಿದ್ದೆವು. ಅತ್ತಿಗೆ ಸೌಟು ಹಿಡಿದವರು ತಟ್ಟನೆ ಮುಖ ಸಿಂಡರಿಸಿದರು. "ಥೂ, ಆ ಕಿಟಕಿ ಮುಚ್ಚಪ್ಪ. ಮೋರಿ ನಾತ ತಡಿಯಕ್ಕಾಗ್ತಿಲ್ಲ."

ನನಗೆ ಯಾವ ನಾತವೂ ಬಂದಿರಲಿಲ್ಲ. ಅಣ್ಣ ನನ್ನ ಮುಖ ನೋಡಿ ನಕ್ಕ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.